ರೆಕ್ಕೆ ಕುದುರೆಯ ನಾಣ್ಯ ಯಾವ ಊರಿನದು?

ಪ್ರಶ್ನೆ: ನಮ್ಮ ಮಾವ ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಒಂದು ಹಳೆಯ ಗ್ರೀಕ್ ಬೆಳ್ಳಿ ನಾಣ್ಯ ಕೊಂಡಿದ್ದರು. ಒಂದು ಕಡೆ ರೆಕ್ಕೆಯಿರುವ ಕುದುರೆ, ಇನ್ನೊಂದು ಕಡೆ ಶಿರಸ್ತ್ರಾಣ ತೊಟ್ಟ ಹೆಂಗಸಿನ ಮುಖ. ತೂಕ 8.4 ಗ್ರಾಂ. ಜೊತೆಗಿದ್ದ ಚೀಟಿಯಲ್ಲಿ ‘ಕೊರಿಂಥ್’ ಎಂದಿದೆ. ಗೆಳೆಯರೊಬ್ಬರು, ‘ಮುಖ ಅಥೀನಾ ದೇವಿಯದು, ಹಾಗಾಗಿ ಅಥೆನ್ಸ್’ ಎನ್ನುತ್ತಾರೆ. ಕುದುರೆಯ ಹೊಟ್ಟೆ ಕೆಳಗೆ ಇಂಗ್ಲಿಷಿನ ‘ವಿ’ ತಲೆಕೆಳಗಾದಂಥ ಗುರುತಿದೆ. ಇದು ಯಾವ ಊರಿನ ನಾಣ್ಯ?

ಉತ್ತರ: ಆ ಚಿಕ್ಕ ಗುರುತನ್ನು ಗಮನಿಸಿ ಬರೆದಿದ್ದೀರಲ್ಲ, ತುಂಬಾ ಒಳ್ಳೆಯದಾಯಿತು. ಉತ್ತರ ಇರುವುದೇ ಅಲ್ಲಿ.

ಮೊದಲು ಅಥೆನ್ಸ್ ವಿಚಾರ. ಅಥೀನಾಳನ್ನು ಗ್ರೀಕರ ಎಷ್ಟೋ ಊರುಗಳು ಪೂಜಿಸುತ್ತಿದ್ದವು, ನಾಣ್ಯದ ಮೇಲೂ ಹಾಕುತ್ತಿದ್ದವು. ಅಥೆನ್ಸ್‌ನ ಹೆಸರಾಂತ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಗೂಬೆ ಇರುತ್ತದೆ, ತೂಕ ಸುಮಾರು 17.2 ಗ್ರಾಂ. ನಿಮ್ಮದು ಅದರ ಅರ್ಧದಷ್ಟೂ ಇಲ್ಲ.

ಕೊರಿಂಥ್ ಎಂದವರು ತೀರಾ ತಪ್ಪು ಹೇಳಿಲ್ಲ. ಕುದುರೆಯ ಹೆಸರು ಪೆಗಾಸಸ್. ಕೊರಿಂಥ್‌ನ ವೀರ ಬೆಲೆರೋಫೋನ್ ಇದನ್ನು ಪಳಗಿಸಿದ, ಕಡಿವಾಣ ಕೊಟ್ಟವಳು ಅಥೀನಾ ಎಂಬುದು ಆ ಊರಿನ ಕಥೆ. ಹಾಗಾಗಿ ಇಬ್ಬರೂ ಒಂದೇ ನಾಣ್ಯದಲ್ಲಿದ್ದಾರೆ. ಕೊರಿಂಥ್‌ನ ಸ್ಟೇಟರ್ ನಾಣ್ಯದ ತೂಕ ಸುಮಾರು 8.6 ಗ್ರಾಂ. ಸವೆತ ಲೆಕ್ಕ ಹಾಕಿದರೆ ನಿಮ್ಮದೂ ಅದೇ ತೂಕದ್ದು.

ಆದರೆ ಕೊರಿಂಥ್‌ನವರು ಕುದುರೆಯ ಕೆಳಗೆ ಹಾಕುತ್ತಿದ್ದ ಅಕ್ಷರವೇ ಬೇರೆ. ಅದು ‘ಕೊಪ್ಪಾ’. ಒಂದು ಸೊನ್ನೆ, ಅದರ ಕೆಳಗೊಂದು ಗಿಡ್ಡ ಕಡ್ಡಿ. ಹಳೇ ಬರವಣಿಗೆಯಲ್ಲಿ ಊರಿನ ಹೆಸರು ಶುರುವಾಗುತ್ತಿದ್ದದ್ದು ಅದರಿಂದಲೇ. ಗ್ರೀಕರು ದಿನಬಳಕೆಯಲ್ಲಿ ಆ ಅಕ್ಷರ ಬಿಟ್ಟರೂ ಕೊರಿಂಥ್ ತನ್ನ ನಾಣ್ಯದಲ್ಲಿ ಬಿಡಲಿಲ್ಲ. ಇಂಗ್ಲಿಷಿನ ‘ಕ್ಯೂ’ ಹುಟ್ಟಿದ್ದೂ ಇದರಿಂದಲೇ. ನನಗಂತೂ ಈ ಹಟ ಬಹಳ ಇಷ್ಟ.

ನಿಮ್ಮ ‘ತಲೆಕೆಳಗಾದ ವಿ’ ಗ್ರೀಕರ ಲಾಂಬ್ಡಾ, ಅಂದರೆ ‘ಲ’. ಅದು ಲ್ಯೂಕಸ್ ಊರಿನ ಮೊದಲಕ್ಷರ. ಗ್ರೀಸ್‌ನ ಪಶ್ಚಿಮ ಕರಾವಳಿಯಲ್ಲಿ ಇಂದು ಲೆಫ್ಕಾಡಾ ಎನ್ನುವ ದ್ವೀಪ ಇದೆಯಲ್ಲ, ಅಲ್ಲಿನ ಊರು. ಅದನ್ನು ಕಟ್ಟಿದವರು ಕೊರಿಂಥ್‌ನಿಂದ ಹೋಗಿ ನೆಲೆಸಿದವರು. ಇಂಥ ಊರುಗಳು ತವರಿನ ಚಿತ್ರವನ್ನೇ, ತವರಿನ ತೂಕವನ್ನೇ ಇಟ್ಟುಕೊಂಡು ಅಕ್ಷರ ಮಾತ್ರ ಬದಲಿಸಿದವು. ಇಟಲಿ, ಸಿಸಿಲಿ ಕಡೆಯ ವ್ಯಾಪಾರದಲ್ಲಿ ಈ ಕುದುರೆ ನಾಣ್ಯಗಳು ಚೆನ್ನಾಗಿ ಓಡುತ್ತಿದ್ದವು. ಕ್ರಿ.ಪೂ. 344ರಲ್ಲಿ ಕೊರಿಂಥ್‌ನ ಸೇನಾಪತಿ ಟಿಮೋಲಿಯನ್ ಸಿಸಿಲಿಗೆ ಹೋದ ಮೇಲೆ ಅಲ್ಲಿನ ಸಿರಕ್ಯೂಸ್ ಊರು ಕೂಡ ಇದೇ ಚಿತ್ರ ಹಾಕಿತು. ಅಲ್ಲಿ ಸಾಮಾನ್ಯವಾಗಿ ಅಥೀನಾ ಇರುವ ಬದಿಯಲ್ಲಿ ಹೆಸರನ್ನೇ ಬರೆದಿರುತ್ತಾರೆ: ‘ಸಿರಕ್ಯೂಸಿನವರದು’ ಎಂದು.

ಒಂದು ಕಡೆ ಮಾತ್ರ ಹುಷಾರಾಗಿರಿ. ಎರಡು ಕಾಲುಗಳ ನಡುವೆ ಅಡ್ಡಗೆರೆ ಇದ್ದರೆ ಅದು ‘ಆಲ್ಫಾ’. ಆಗ ನಾಣ್ಯ ಹೆಚ್ಚಾಗಿ ಅಂಬ್ರೇಸಿಯಾದ್ದು, ಅಂದರೆ ಈಗಿನ ಆರ್ಟಾ ಪಟ್ಟಣದ್ದು. ಅದೂ ಕೊರಿಂಥ್‌ನವರು ಕಟ್ಟಿದ ಊರೇ. ಆ ತೆಳು ಗೆರೆ ಸವೆದುಹೋದರೆ ಆಲ್ಫಾ ಲಾಂಬ್ಡಾ ಥರ ಕಾಣುತ್ತದೆ. ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು, ಪಕ್ಕದಿಂದ ಬೆಳಕು ಬಿಡಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿ. ಗೆರೆಯ ಕುರುಹು ಉಳಿದಿದ್ದರೆ ನೆರಳಿನಲ್ಲಿ ಕಾಣುತ್ತದೆ. ಅಥೀನಾಳ ತಲೆಯ ಹಿಂದೆಯೂ ನೋಡಿ. ಲ್ಯೂಕಸ್‌ನವರು ಕೆಲವು ನಾಣ್ಯಗಳಲ್ಲಿ ಅಲ್ಲೂ ಲಾಂಬ್ಡಾ ಹಾಕಿದ್ದಾರೆ. ಅಲ್ಲಿ ಡಾಲ್ಫಿನ್, ತ್ರಿಶೂಲ, ಹಾವು ಸುತ್ತಿದ ಕೋಲು ಇಂಥ ಚಿಕ್ಕ ಚಿತ್ರಗಳಿದ್ದರೆ ಅವನ್ನು ಊರಿನ ಗುರುತು ಅಂದುಕೊಳ್ಳಬೇಡಿ. ಒಂದೇ ಊರಿನ ನಾಣ್ಯಗಳಲ್ಲಿ ಅವು ಬದಲಾಗುತ್ತಲೇ ಇರುತ್ತವೆ.

ಆಮೇಲೂ ಅನುಮಾನ ಉಳಿದರೆ ಅಚ್ಚು ಹೋಲಿಸಿ. ಆಗ ಒಂದೊಂದು ಅಚ್ಚನ್ನೂ ಕೈಯಲ್ಲೇ ಕೊರೆಯುತ್ತಿದ್ದರು. ಹಾಗಾಗಿ ರೆಕ್ಕೆಯ ಗರಿ, ಬಾಲದ ಬಾಗು ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನಾಣ್ಯಗಳ ಫೋಟೋ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಅಕ್ಷರ ಸ್ಪಷ್ಟವಾಗಿರುವ ನಾಣ್ಯವೊಂದು ಅದೇ ಕುದುರೆ ಅಚ್ಚಿನಿಂದ ಬಂದಿದ್ದರೆ ನಿಮ್ಮ ನಾಣ್ಯದ ಅಕ್ಷರವೂ ಅದೇ.

ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಅಕ್ಷರದಲ್ಲಿ ಉಳಿದಿರುವ ಅಷ್ಟಿಷ್ಟು ಗೆರೆಯೂ ಅಳಿಸಿಹೋಗುತ್ತದೆ. ಇನ್ನು ನಾಣ್ಯ ಅಸಲಿಯೇ ಎಂಬುದನ್ನು ಬರೀ ವಿವರಣೆಯಿಂದ ಹೇಳಲಾಗದು. ಅಂಚಿನ ಸುತ್ತ ಎರಕದ ಗೆರೆ ಕಂಡರೆ ಅನುಮಾನ ಪಡಿ, ಏಕೆಂದರೆ ಈ ನಾಣ್ಯಗಳನ್ನು ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು. ಪಕ್ಕದ ಬೆಳಕಿನಲ್ಲಿ ತೆಗೆದ ಎರಡೂ ಬದಿಯ ಫೋಟೋ ಕಳಿಸಿ. ಆ ಅಡ್ಡಗೆರೆಯನ್ನು ನಾನೂ ಹುಡುಕುತ್ತೇನೆ.