ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಬರಬೇಕಾದರೆ

ಪ್ರಶ್ನೆ: ತುಕ್ಕು ಹಿಡಿದ ಗೇಟು, ಪಾಚಿ ಕಟ್ಟಿದ ಗೋಡೆ, ಒಣಗಿದ ಎಲೆ ಹೀಗೆ ಬಣ್ಣ ಚೆಂದ ಕಂಡದ್ದನ್ನೆಲ್ಲ ಫೋನಿನಲ್ಲಿ ಹಿಡಿಯುತ್ತೇನೆ. ಫೋಟೊಶಾಪ್‌ನ ಐಡ್ರಾಪರ್‌ನಿಂದ (ಚಿತ್ರದಿಂದ ಬಣ್ಣ ಎತ್ತಿಕೊಳ್ಳುವ ಸಾಧನ) ಆ ಬಣ್ಣಗಳನ್ನು ತೆಗೆದು ಪೋಸ್ಟರ್‌ಗೆ ಹಾಕಿದರೆ ಮಾತ್ರ ಕೆಸರು ಕೆಸರಾಗಿ ಕಾಣುತ್ತದೆ. ಯಾಕೆ?

ಉತ್ತರ: ಫ್ರೇಮಿನ ತುಂಬ ತುಕ್ಕೇ ಇದ್ದರೆ, ಆ ಕಿತ್ತಳೆ ಛಾಯೆ ಬೆಳಕಿನದೆಂದು ಬೆಳಕಿನ ಛಾಯೆಯನ್ನು ತಾನಾಗಿ ಸರಿದೂಗಿಸುವ ಫೋನಿನ ಆಟೊ ವೈಟ್ ಬ್ಯಾಲೆನ್ಸ್ ಮೋಸಹೋಗಬಹುದು, ಆಗ ಚಿತ್ರವನ್ನು ನೀಲಿಯ ಕಡೆಗೆ ಎಳೆದುಬಿಡುತ್ತದೆ. ಫೋಟೊದ ಒಂದು ಮೂಲೆಯಲ್ಲಿ ಗ್ರೇ ಕಾರ್ಡ್ (ಯಾವ ಛಾಯೆಯೂ ಇಲ್ಲದ ಬೂದು ಬಣ್ಣದ ಕಾರ್ಡ್) ಇಟ್ಟು ತೆಗೆಯಿರಿ. ಆಮೇಲೆ ಫೋಟೊಶಾಪ್‌ನ ಲೆವೆಲ್ಸ್ ಕಿಟಕಿಯಲ್ಲಿರುವ ಮೂರರಲ್ಲಿ ನಡುವಿನ ಡ್ರಾಪರ್‌ನಿಂದ ಅದರ ಮೇಲೆ ಕ್ಲಿಕ್ಕಿಸಿ, ಮೂಲೆ ಕತ್ತರಿಸಿ. ಪ್ರಿಂಟರ್‌ನ ಬಿಳಿ ಹಾಳೆ ಇದಕ್ಕೆ ಬೇಡ. ಹೊಳಪಿಗೆಂದು ಅದಕ್ಕೆ ಬೆರೆಸುವ ರಾಸಾಯನಿಕ ಬಿಸಿಲಿನಲ್ಲಿ ನೀಲಿ ಹೊಡೆಯುತ್ತದೆ.

ಐಡ್ರಾಪರ್ 'ಪಾಯಿಂಟ್ ಸ್ಯಾಂಪಲ್'ನಲ್ಲಿದ್ದರೆ ಅದು ತೆಗೆಯುವುದು ಒಂದೇ ಪಿಕ್ಸೆಲ್ಲಿನ ಬಣ್ಣ, ಬಹುಪಾಲು ನಾಯ್ಸ್, ಅಂದರೆ ಕ್ಯಾಮೆರಾ ಸೇರಿಸಿದ ಅಡ್ಡಾದಿಡ್ಡಿ ಚುಕ್ಕಿ. ಸಣ್ಣ ಜಾಗಕ್ಕೆ 5×5, ಗೋಡೆಯಂಥದಕ್ಕೆ 31×31 ಪಿಕ್ಸೆಲ್ಲುಗಳ ಸರಾಸರಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಪೋಸ್ಟರ್ ಮಂಕಾಗಿಯೇ ಉಳಿಯಬಹುದು, ಏಕೆಂದರೆ ನಿಮಗೆ ಹಿಡಿಸಿದ್ದು ಬರೀ ಬಣ್ಣಗಳಲ್ಲ, ಅವುಗಳ ಪ್ರಮಾಣ. ಆ ಗೇಟಿನಲ್ಲಿ ತುಕ್ಕು ಉರಿಯುವಂತೆ ಕಂಡದ್ದು ಪಕ್ಕದಲ್ಲಿ ಉಗುರಿನಷ್ಟು ಹಳೆಯ ನೀಲಿ ಪೇಂಟ್ ಉಳಿದಿದ್ದರಿಂದ. ಐದು ಬಣ್ಣವನ್ನು ಐದು ಸಮಪಟ್ಟಿ ಮಾಡಿದರೆ ಆ ಸಂಬಂಧವೇ ಕಡಿದುಹೋಗುತ್ತದೆ. ಚಿತ್ರವನ್ನು ಚೌಕಕ್ಕೆ ಕತ್ತರಿಸಿ, 10×10 ಪಿಕ್ಸೆಲ್ಲಿಗೆ ಇಳಿಸಿ, ಹಿಗ್ಗಿಸಿ ನೋಡಿ. ನೂರು ಚೌಕ ಸಿಗುತ್ತವೆ. ಒಂದೊಂದು ಬಣ್ಣದ ಚೌಕ ಎಣಿಸಿದರೆ ನೇರವಾಗಿ ಶೇಕಡಾ ಲೆಕ್ಕ. ಸರಾಸರಿ ಮಾಡುವಾಗ ಆ ಚೂರು ನೀಲಿ ಕರಗಿಹೋಗುತ್ತದೆ, ಅದನ್ನು ಮೂಲ ಚಿತ್ರದಿಂದ ಕೈಯಾರೆ ತಂದು ಸೇರಿಸಿ. ಮರೆತರೆ ಮತ್ತೆ ಕೆಸರೇ.

ಕೆಲಸ ಅಚ್ಚಿಗೆ ಹೋಗುವುದಾದರೆ ಸಿಎಂವೈಕೆ ಪ್ರೂಫ್ (ಅಚ್ಚಿನ ನಾಲ್ಕು ಶಾಯಿಯಲ್ಲಿ ಬಣ್ಣ ಹೇಗೆ ಬರುತ್ತದೆಂದು ಸ್ಕ್ರೀನಿನಲ್ಲೇ ತೋರಿಸುವ ನೋಟ) ಆನ್ ಮಾಡಿಯೇ ಗ್ರಾಹಕರಿಗೆ ತೋರಿಸಿ. ಸ್ಕ್ರೀನಿನ ಮಿಂಚು ಹಸಿರು, ಗಾಢ ನೀಲಿ ಕಾಗದದ ಮೇಲೆ ಹಾಗೆ ಬರುವುದಿಲ್ಲ. ನೀಲಿಯಂತೂ ನೇರಳೆಗೆ ತಿರುಗಿಬಿಡುತ್ತದೆ.

ಪ್ರಶ್ನೆ: ಹಳೆಯ ಬೆಂಕಿಪೊಟ್ಟಣದ ಲೇಬಲ್‌ಗಳನ್ನು ಸ್ಕ್ಯಾನ್ ಮಾಡಿದರೆ ಮೇಲೆಲ್ಲ ಅಲೆಅಲೆಯಂಥ ಗೆರೆ. ಹೋಗಲಾಡಿಸುವುದು ಹೇಗೆ?

ಉತ್ತರ: ಅದು ಮೊಯ್ರೆ. ಅಚ್ಚಿನಲ್ಲಿ ಬಣ್ಣದ ಛಾಯೆ ಮೂಡಿಸುವ ಸಣ್ಣ ಹಾಫ್‌ಟೋನ್ ಚುಕ್ಕಿಗಳ ಸಾಲಿಗೂ ಸ್ಕ್ಯಾನರ್‌ನ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದಾಗ ಬರುತ್ತದೆ. ಸ್ಕ್ಯಾನರ್‌ನಲ್ಲಿ ಈ ಚುಕ್ಕಿಗಳನ್ನು ಅಳಿಸುವ ಡಿಸ್ಕ್ರೀನ್ ಆಯ್ಕೆ ಇದ್ದರೆ ಬಳಸಿ. ಇಲ್ಲದಿದ್ದರೆ 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ, ಚುಕ್ಕಿಗಳು ಒಂದಕ್ಕೊಂದು ಬೆರೆಯುವಷ್ಟೇ ಗಾಸಿಯನ್ ಬ್ಲರ್ (ಚಿತ್ರವನ್ನು ಮಸುಕಾಗಿಸುವ ಫಿಲ್ಟರ್) ಕೊಟ್ಟು, ಆಮೇಲೆ 300ಕ್ಕೆ ಇಳಿಸಿ. ಬ್ಲರ್ ಕೊಡದೆ ಇಳಿಸಿದರೆ ಅಲೆಗಳು ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ.

ಆದರೆ ಅಳಿಸುವ ಮೊದಲು 10x ಲೂಪ್ (ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ) ಹಿಡಿದು ಲೇಬಲನ್ನು ಒಮ್ಮೆ ನೋಡಿ. ಬಣ್ಣಗಳು ಒಂದಕ್ಕೊಂದು ಸರಿಯಾಗಿ ಕೂರದೆ ಅಂಚಿನಲ್ಲಿ ಕೆಂಪು ಇಣುಕುತ್ತಿದ್ದರೆ, ನಿಮ್ಮನ್ನು ಸೆಳೆದದ್ದು ಬಹುಶಃ ಅದೇ. ಹೊಸ ಕೆಲಸದಲ್ಲಿ ಆ ಗುಣ ಬೇಕೆಂದರೆ ಪ್ರತಿ ಬಣ್ಣಕ್ಕೂ ಬೇರೆ ಲೇಯರ್ ಮಾಡಿ, ಶಾಯಿಯ ಮೇಲೆ ಶಾಯಿ ಬಿದ್ದಂತೆ ಬಣ್ಣ ಬೆರೆಸುವ ಮಲ್ಟಿಪ್ಲೈ ಮೋಡ್ ಇಟ್ಟು, ಒಂದು ಬಣ್ಣವನ್ನು 0.3 ಮಿಮೀ ಸರಿಸಿ. 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಅದು 3–4 ಪಿಕ್ಸೆಲ್. ಸಣ್ಣ ಅಕ್ಷರಗಳಿಗೆ ಈ ಆಟ ಬೇಡವೇ ಬೇಡ, ಓದುವವರಿಗೆ ಕಣ್ಣುನೋವು.

ಪ್ರಶ್ನೆ: ಕೈಬರಹದ ಬೋರ್ಡ್‌ಗಳೆಂದರೆ ಪ್ರಾಣ. ನಕಲು ಮಾಡದೆ ಅವುಗಳಿಂದ ಕಲಿಯುವುದು ಹೇಗೆ?

ಉತ್ತರ: ಇಡೀ ಬೋರ್ಡ್ ಟ್ರೇಸ್ ಮಾಡಿದರೆ ನಕಲು, ಒಂದು ಅಳತೆ ತಂದರೆ ಕಲಿಕೆ. ಬೋರ್ಡಿಗೆ ನೇರ ಎದುರಾಗಿ ದೂರ ನಿಂತು 2x ಜೂಮ್‌ನಲ್ಲಿ ಫೋಟೊ ತೆಗೆಯಿರಿ. ಹತ್ತಿರದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಅಂಚಿನ ಅಕ್ಷರಗಳು ಹಿಗ್ಗಿ ವಾಲುತ್ತವೆ. ಒಂದೇ ಅಕ್ಷರ ಆರಿಸಿ ಗೆರೆಯ ದಪ್ಪಕ್ಕೂ ಎತ್ತರಕ್ಕೂ ಇರುವ ಅನುಪಾತ ಅಳೆಯಿರಿ, ಬ್ರಶ್ ಎತ್ತಿದ ಕಡೆ ತುದಿಯ ಕೋನ ಗಮನಿಸಿ.

ಕನ್ನಡದ ಬೋರ್ಡಾದರೆ ಒತ್ತಕ್ಷರ ನೋಡಿ. ಪಳಗಿದ ಪೇಂಟರ್ ಕೆಳಸಾಲು ಹತ್ತಿರವಿದ್ದಾಗ ಒತ್ತನ್ನು ಕುಗ್ಗಿಸಿ ಪಕ್ಕಕ್ಕೆ ತುರುಕುತ್ತಾನೆ. ಫಾಂಟ್‌ಗೆ ಆ ಸ್ವಾತಂತ್ರ್ಯವಿಲ್ಲ, ನಾವೋ ಇಂಗ್ಲಿಷ್‌ಗೆಂದು ಮಾಡಿದ 120% ಆಟೊ ಲೀಡಿಂಗ್ (ಅಕ್ಷರದ ಅಳತೆಗೆ ತಕ್ಕಂತೆ ತಾನಾಗಿ ಬೀಳುವ ಸಾಲಿನಂತರ) ಹಾಗೇ ಬಿಟ್ಟಿರುತ್ತೇವೆ. ಮೇಲಿನ ಸಾಲಿನಲ್ಲಿ 'ರಾಷ್ಟ್ರ', ಅದರ ನೇರ ಕೆಳಗೆ 'ಕೀರ್ತಿ' ಟೈಪಿಸಿ. ತಾಗುತ್ತಿದ್ದರೆ 140ರಿಂದ 160%ವರೆಗೆ ಏರಿಸಿ.

ಪ್ರಶ್ನೆ: ಸಾವಿರಾರು ಸ್ಕ್ರೀನ್‌ಶಾಟ್ ಕೂಡಿಟ್ಟಿದ್ದೇನೆ. ಕೆಲಸಕ್ಕೆ ಕೂತಾಗ ಒಂದೂ ನೆನಪಾಗುವುದಿಲ್ಲ.

ಉತ್ತರ: 'ಮಿನಿಮಲ್', 'ರೆಟ್ರೊ' ಎಂದು ಫೋಲ್ಡರ್ ಮಾಡಿದ್ದೀರೇನೋ. ಕೆಲಸಕ್ಕೆ ಕೂತಾಗ ಎದುರಿಗಿರುವುದು ಶೈಲಿಯಲ್ಲ, ಸಮಸ್ಯೆ. 'ಉದ್ದ ಶೀರ್ಷಿಕೆ', 'ಕೆಟ್ಟ ಫೋಟೊ', 'ಎರಡೇ ಬಣ್ಣ', 'ಅಂಕಿಗಳೇ ಹೆಚ್ಚು' ಎಂದು ಹೆಸರಿಡಿ. ಚಿತ್ರ ಉಳಿಸುವಾಗಲೇ ಹಿಡಿಸಿದ್ದೇನೆಂದು ಫೈಲ್ ಹೆಸರಿನಲ್ಲಿ ಬರೆಯಿರಿ, 'ಅಂಚು ಅಗಲದ ಎಂಟನೇ ಒಂದು' ಎಂಬಷ್ಟು ಖಚಿತವಾಗಿ. ಬರೆಯಲು ಏನೂ ತೋಚದ ಚಿತ್ರವನ್ನು ಆಗಲೇ ಅಳಿಸಿಬಿಡಿ.