ಟೈಲ್ಸ್ ಬೇಡ, ಮೊದಲು ನೀರಿಗೆ ದಾರಿ ಮಾಡಿ
ಚಿಂತಾಮಣಿ ಹತ್ತಿರದ ನಿಮ್ಮ ಅಜ್ಜನ ಮನೆಯ ಜಗುಲಿಕಲ್ಲು ಕಿತ್ತು ಟೈಲ್ಸ್ ಹಾಕಿಸಬಹುದೇ, ಅಂಗಳಕ್ಕೆಲ್ಲ ಕಾಂಕ್ರೀಟ್ ಸುರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ ನಾನು ಜಗುಲಿಯ ಗೋಡೆಗೆ ಸಿಮೆಂಟ್, ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ, ಮತ್ತೆ ಒಡೆಸಿದ್ದೇನೆ.

ನಮ್ಮದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಮೇಸ್ತ್ರಿಯ ಮಾತು ಕೇಳಿ ಜಗುಲಿಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದೆ. ಅಂಗಳಕ್ಕೂ ಕಾಂಕ್ರೀಟ್ ಬಿತ್ತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲೆತ್ತರದವರೆಗೆ ಗಿಲಾವು ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ತುಂಡನ್ನು ಎಬ್ಬಿಸಿ ನೋಡಿದೆ: ಹಿಂದೆ ಬಿಳಿ ಉಪ್ಪು, ಅದರ ಹಿಂದೆ ಹಿಟ್ಟಿನಂತೆ ಉದುರುವ ಮಣ್ಣು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಾರೆಯಾದರೆ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತದೆ. ಅಂಗಳದ ಕಾಂಕ್ರೀಟ್ ಮಳೆನೀರನ್ನು ಇಂಗಲು ಬಿಡದೆ ಗೋಡೆಯ ಬುಡಕ್ಕೇ ತಂದು ನಿಲ್ಲಿಸಿತ್ತು.

ಆದ್ದರಿಂದ ಮೊದಲು ಅಂಗಳದ ಮಟ್ಟ ನೋಡಿ. ಊರಿನ ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟ್ ಬಿದ್ದು ಹಳೆಯ ಮನೆಗಳು ತಗ್ಗಾಗಿರುತ್ತವೆ. ನಿಮ್ಮದೂ ಹಾಗಿದ್ದರೆ ಮಣ್ಣು ತುಂಬಿಸಿ ಜಗುಲಿಯನ್ನು ಹೂಳಬೇಡಿ, ಸೇರಿದ ಮಣ್ಣನ್ನು ತೆಗೆಸಿ. ಗೋಡೆಯಿಂದ ಆಚೆಗೆ ಐದು ಅಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಟ್ಟು, ತಗ್ಗಿನ ಮೂಲೆಯಲ್ಲಿ ಇಂಗುಗುಂಡಿ ತೋಡಿಸಿ. ಅದು ಗೋಡೆಯಿಂದ ದೂರವಿರಲಿ. ಸಾವಿರ ಚದರ ಅಡಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಬೋರ್‌ವೆಲ್‌ಗಳು ಬತ್ತುತ್ತಿರುವ ನಮ್ಮ ಸೀಮೆಯಲ್ಲಿ ಇಷ್ಟು ನೀರನ್ನು ಚರಂಡಿಗೆ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ? ಓಡಾಡುವ ಕಡೆ ಮಾತ್ರ ಚಪ್ಪಡಿ ಹಾಸಿ, ಸಂದಿಗೆ ಮರಳು ತುಂಬಿಸಿ. ಬಾಗಿಲ ಮುಂದೆ ಮಣ್ಣಿನ ನೆಲ ಉಳಿಸಿ ಎಂದು ನಮ್ಮ ಅಮ್ಮ ಹಟ ಹಿಡಿದರು, ಸಗಣಿ ಸಾರಿಸಿ ರಂಗೋಲಿ ಹಾಕುವುದಕ್ಕೆ. ಈಗ ಆ ಜಾಗ ಮನೆಗೇ ಕಳೆ ಕೊಟ್ಟಿದೆ.

ಜಗುಲಿಯ ಕಲ್ಲುಗಳಿಗೆ ಸುಣ್ಣದ ಕಡ್ಡಿಯಿಂದ ನಂಬರ್ ಬರೆದು ಎಬ್ಬಿಸಿ, ಅಡಿಯ ಮಣ್ಣನ್ನು ದಿಮ್ಮಸು ಹಾಕಿ ಗಟ್ಟಿ ಮಾಡಿ, ಅದೇ ಕ್ರಮದಲ್ಲಿ ಕೂರಿಸಿ. ಎರಡು ತಲೆಮಾರು ಕೂತು ನುಣುಪಾದ ಕಲ್ಲಿನ ತಂಪು ಯಾವ ಟೈಲ್ಸಿಗೂ ಬರುವುದಿಲ್ಲ. ಮಳೆಯಲ್ಲಿ ಟೈಲ್ಸ್ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದನ್ನೂ ಯೋಚಿಸಿ. ಮಾಡಿನ ಒಡೆದ ಹೆಂಚುಗಳನ್ನಷ್ಟೇ ಬದಲಿಸಿದರೆ ಸಾಕು, ಹೆಂಚಿಗೆ ಹೆಸರಾದ ಮಾಲೂರಿನಲ್ಲಿ ಹಳೆಯ ಅಳತೆಯವನ್ನು ವಿಚಾರಿಸಿ ನೋಡಿ.

ಗೋಡೆಗೆ ಗಾರೆ ಮಾಡಿಸುವುದಿದ್ದರೆ ಸುಣ್ಣದ ಕೆಲಸ ಬಲ್ಲ ಹಿರಿಯ ಗಾರೆಯವರನ್ನು ಹುಡುಕಿ. ಅರಳಿಸಿದ ಸುಣ್ಣ ಕೆಲವು ವಾರ ನೀರಿನಲ್ಲಿ ಕೊಳೆಯಬೇಕು, ಅವಸರ ಮಾಡಿದರೆ ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಯುಗಾದಿಯೊಳಗೆ ಗಾರೆ ಮುಗಿಸಿ. ಹಸಿ ಗಾರೆಯ ಮೇಲೆ ಬೇಸಿಗೆಯ ಬಿಸಿಲು ಬಿದ್ದರೆ ಬಿರುಕು ಖಚಿತ. ಒದ್ದೆ ಗೋಣಿಚೀಲ ಇಳಿಬಿಟ್ಟು ಒಂದು ವಾರವಾದರೂ ತೇವ ಕಾಪಾಡಿ. ಆಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯಬೇಡಿ, ಸುಣ್ಣವನ್ನೇ ಹೊಡೆಸಿ.

ಮರದ ಕಂಬಗಳ ವಿಷಯ ನೀವು ಬರೆದಿಲ್ಲ. ಬುಡಕ್ಕೆ ಚೂಪು ಮೊಳೆ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲೋ ಕೊಳೆತವೋ ಇದೆ ಎಂದೇ ಅರ್ಥ, ಆಗ ಮಾಡಿಗೆ ಆಸರೆ ಕೊಡದೆ ಕಲ್ಲು ಎಬ್ಬಿಸಲೇಬೇಡಿ. ಫೋಟೊ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.