ಸಂಪಾದಕರ ಉತ್ತರ: ವೇದಿಕೆಯ ಮಾತು ಮತ್ತು ಕಪಾಟಿನ ಕರಾರು

ಹಾಸನದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮಗಳ ಬಾಣಂತನಕ್ಕೆಂದು 2020ರ ಆರಂಭದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದವರು, ವಿಮಾನಗಳು ನಿಂತುಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರಂತೆ. ಅಲ್ಲಿನ ಪೊಲೀಸನೊಬ್ಬ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಸತ್ತ ವಾರ ಕಿಟಕಿ ತೆರೆದರೆ ಸುಟ್ಟ ವಾಸನೆ ಬರುತ್ತಿತ್ತು ಎಂದು ನೆನೆಯುತ್ತಾರೆ. ಪತ್ರದ ತಿರುಳು ಇಷ್ಟು: "ಉದ್ಯಾನದ ವೇದಿಕೆ ಹತ್ತಿ ಕಾರ್ಪೊರೇಟರುಗಳು ಪೊಲೀಸ್ ಇಲಾಖೆಯನ್ನೇ ಕಳಚಿಹಾಕುತ್ತೇವೆ ಎಂದರು. ಟಿ.ವಿ.ಯಲ್ಲಿ ನೋಡುತ್ತಿದ್ದ ನನಗೆ ಕಣ್ಣು ತುಂಬಿ ಬಂತು. ನಿಮ್ಮ ಪತ್ರಿಕೆಯೂ ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿತು. ಇಲಾಖೆ ಈಗಲೂ ಇದೆ, ಮೇಯರ್ ಮತ್ತೆ ಗೆದ್ದರು. ಜನರಿಗೆ ಮೋಸವಾಯಿತೆ? ಕೊರೊನಾ ನಡುವೆ ಸಾವಿರಾರು ಜನರನ್ನು ಬೀದಿಗಿಳಿಯಲು ಬಿಟ್ಟದ್ದು ಸರಿಯೆ? ನಮ್ಮ ಮೇಯರ್‌ಗಳು ಇಂಥ ವಿಷಯದಲ್ಲಿ ಯಾಕೆ ತುಟಿ ಬಿಚ್ಚುವುದಿಲ್ಲ?"

ಮಾನ್ಯರೇ,

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಜೂನ್ ತಿಂಗಳ ಸಂಚಿಕೆಯಲ್ಲಿ "ಪೊಲೀಸ್ ಇಲಾಖೆಯೇ ರದ್ದು" ಎಂದು ಶೀರ್ಷಿಕೆ ಕೊಟ್ಟವನು ನಾನೇ. ರದ್ದಾಗಿರಲಿಲ್ಲ. ರದ್ದು ಮಾಡುವ ಅಧಿಕಾರ ಆ ವೇದಿಕೆಯ ಮೇಲೆ ನಿಂತವರಿಗೆ ಇರಲೂ ಇಲ್ಲ. ಇದನ್ನು ವಿಚಾರಿಸದೆ ಅಚ್ಚಿಗೆ ಕಳುಹಿಸಿದೆ. ನಿಮ್ಮ ಪತ್ರ ಓದಿದಾಗ ಆ ಶೀರ್ಷಿಕೆಯೇ ಎದುರು ಬಂದು ನಿಂತಂತಾಯಿತು.

2020ರ ಜೂನ್ 7ರಂದು ಪೌಡರ್‌ಹಾರ್ನ್ ಉದ್ಯಾನದಲ್ಲಿ ನಗರಸಭೆಯ 13 ಸದಸ್ಯರಲ್ಲಿ ಒಂಬತ್ತು ಮಂದಿ ಪ್ರತಿಜ್ಞೆ ಮಾಡಿದರು. ಮೇಯರ್‌ನ ತಡೆಯನ್ನೂ ಮೀರುವಷ್ಟು ಬಹುಮತ ಅದು. ಆದರೆ ಆ ನಗರಕ್ಕೆ ಒಂದು ಸನ್ನದು ಇದೆ. ನಗರದ ಮಟ್ಟಿಗೆ ಅದೇ ಸಂವಿಧಾನ. ಪೊಲೀಸರ ಮೇಲಿನ ಪೂರ್ಣ ಅಧಿಕಾರವನ್ನು ಅದು ಮೇಯರ್ ಕೈಗೆ ಕೊಟ್ಟಿದೆ. ಜನಸಂಖ್ಯೆಗೆ ತಕ್ಕಂತೆ ಇಂತಿಷ್ಟು ಪೊಲೀಸರು ಇರಲೇಬೇಕು, ಸಾವಿರ ನಿವಾಸಿಗಳಿಗೆ 1.7ರಂತೆ, ಎಂದು 1960ರ ದಶಕದಿಂದಲೂ ಅದರಲ್ಲಿ ಬರೆದಿದೆ. ಆ ಸಾಲನ್ನು ತೆಗೆಯಬೇಕಾದರೆ ಮತದಾರರ ಮುಂದೆ ಹೋಗಬೇಕು. ಅದಕ್ಕೂ ಮೊದಲು ನ್ಯಾಯಾಲಯ ನೇಮಿಸುವ ಸನ್ನದು ಆಯೋಗ ಅದನ್ನು ಪರಿಶೀಲಿಸಬೇಕು. ಆಗಸ್ಟ್‌ನಲ್ಲಿ ಆಯೋಗ ತನಗೆ ಇನ್ನಷ್ಟು ಸಮಯ ಬೇಕೆಂದಿತು, ನವೆಂಬರ್ ಮತಪತ್ರದ ಗಡುವು ದಾಟಿಹೋಯಿತು. ಜನರ ಎದೆ ಕುದಿಯುತ್ತಿದ್ದ ವರ್ಷ ಹಾಗೆಯೇ ಕಳೆಯಿತು.

ಮೋಸ ಎನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅವರಲ್ಲಿ ಹೆಚ್ಚಿನವರು ಮನಸಾರೆ ಆ ಮಾತು ಆಡಿದ್ದರೆಂದೇ ನಂಬುತ್ತೇನೆ. ಆದರೆ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನುವುದೂ ನೊಂದ ಜನರಿಗೆ ಮಾಡುವ ಅನ್ಯಾಯವೇ. ಆ ಪ್ರತಿಜ್ಞೆಯ ಹಿಂದಿನ ದಿನ ನಡೆದದ್ದನ್ನು ನೆನಪಿಸಿಕೊಳ್ಳಿ. ಮೇಯರ್ ಜೇಕಬ್ ಫ್ರೇ ಜನಜಂಗುಳಿಯ ನಡುವೆ ನಿಂತಿದ್ದರು. ಅವರ ಮುಖಗವಸಿನ ಮೇಲೆ "ಉಸಿರಾಡಲು ಆಗುತ್ತಿಲ್ಲ" ಎಂಬ ಫ್ಲಾಯ್ಡ್ ಮಾತೇ ಬರೆದಿತ್ತು. ಪೊಲೀಸರಿಗೆ ಹಣ ನಿಲ್ಲಿಸುತ್ತೀರೋ ಇಲ್ಲವೋ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದು ಪ್ರತಿಭಟನಕಾರರು ಅವರನ್ನು ಕೇಳಿದರು. ಇಲಾಖೆಯನ್ನು ಪೂರ್ತಿ ತೆಗೆದುಹಾಕುವುದನ್ನು ತಾನು ಒಪ್ಪುವುದಿಲ್ಲ ಎಂದರು ಫ್ರೇ. "ನಾಚಿಕೆ, ಮನೆಗೆ ಹೋಗು" ಎಂಬ ಕೂಗಿನ ನಡುವೆ ಒಬ್ಬರೇ ದಾರಿ ಬಿಡಿಸಿಕೊಂಡು ಹೊರನಡೆದರು. ಆ ದೃಶ್ಯ ನೋಡಿದಾಗ ನಾನೂ ಜನರ ಪಕ್ಷವೇ. ಇಂದು ಯೋಚಿಸಿದರೆ, ಆ ಎರಡು ದಿನಗಳಲ್ಲಿ ತಮ್ಮಿಂದಾಗದ್ದನ್ನು ಜನರ ಮುಖ ನೋಡಿ ಹೇಳಿದವರು ಅವರೊಬ್ಬರೇ ಎನಿಸುತ್ತದೆ.

ಹಾಗೆಂದು ಅವರನ್ನು ಹೊಗಳಿ ಕೂರುವಂತಿಲ್ಲ. 2022ರ ಫೆಬ್ರುವರಿಯಲ್ಲಿ ಅದೇ ನಗರದ ಪೊಲೀಸರು ಮುಂಜಾನೆ ಮನೆಯೊಂದಕ್ಕೆ ನುಗ್ಗಿ, ಸೋಫಾದ ಮೇಲೆ ಹೊದ್ದು ಮಲಗಿದ್ದ 22 ವರ್ಷದ ಅಮೀರ್ ಲಾಕ್ ಎಂಬ ಕಪ್ಪು ಯುವಕನನ್ನು ಕ್ಷಣಗಳಲ್ಲೇ ಗುಂಡಿಕ್ಕಿ ಕೊಂದರು. ವಾರಂಟ್‌ನಲ್ಲಿ ಅವನ ಹೆಸರೇ ಇರಲಿಲ್ಲ. ಬಾಗಿಲು ತಟ್ಟದೆ ನುಗ್ಗುವ ವಾರಂಟ್‌ಗಳನ್ನು ನಿಷೇಧಿಸಿದ್ದೇವೆಂದು ಫ್ರೇ ಅವರ ಚುನಾವಣಾ ಪ್ರಚಾರ ಹೇಳಿಕೊಂಡಿತ್ತು. ಇದ್ದದ್ದು ಪೂರ್ಣ ನಿಷೇಧವಲ್ಲ ಎಂಬುದು ನಗರಕ್ಕೆ ತಿಳಿದದ್ದು ಒಂದು ಹೆಣ ಬಿದ್ದ ಮೇಲೆ.

ಇಷ್ಟಾದರೂ ಮೇಯರ್ ಒಬ್ಬರ ಒಳ್ಳೆಯತನ ಕೆಟ್ಟತನಗಳಲ್ಲೇ ಈ ಕಥೆ ಮುಗಿಯುವುದಿಲ್ಲ. ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ 9 ನಿಮಿಷ 29 ಸೆಕೆಂಡು ಮಂಡಿಯೂರಿದ ಡೆರೆಕ್ ಶಾವಿನ್ ಮೇಲೆ ಅದಕ್ಕೂ ಮೊದಲು ಹದಿನೇಳಕ್ಕೆ ಕಡಿಮೆಯಿಲ್ಲದಷ್ಟು ದೂರುಗಳಿದ್ದವು. ಬಹುತೇಕ ಎಲ್ಲವೂ ಯಾವ ಶಿಸ್ತುಕ್ರಮವೂ ಇಲ್ಲದೆ ಕಡತ ಸೇರಿದ್ದವು. ಇಲಾಖೆಯ ಮುಖ್ಯಸ್ಥರು ಒಬ್ಬ ಪೊಲೀಸನನ್ನು ವಜಾ ಮಾಡಿದರೂ ಪೊಲೀಸ್ ಸಂಘ ಮಧ್ಯಸ್ಥಿಕೆಯ ಪಂಚಾಯ್ತಿಗೆ ಹೋಗಬಹುದು, ಪಂಚರು ಅವನನ್ನು ಮತ್ತೆ ಕೆಲಸಕ್ಕೆ ಕೂರಿಸಬಹುದು. ಅದಕ್ಕೆ ದಾರಿ ಮಾಡಿಕೊಟ್ಟದ್ದು ನಗರವೇ ಸಹಿ ಹಾಕಿದ ಕರಾರು. ಎದುರಿಗಿರುವವರನ್ನೆಲ್ಲ ಶತ್ರುಗಳೆಂದು ಕಾಣಲು ಕಲಿಸುವ "ಯೋಧ" ತರಬೇತಿಯನ್ನು ಮೇಯರ್ 2019ರಲ್ಲಿ ನಿಷೇಧಿಸಿದಾಗ, ಬಿಡುವಿನ ವೇಳೆಯಲ್ಲಿ ಅದನ್ನು ಉಚಿತವಾಗಿ ಕೊಡಿಸುವುದಾಗಿ ಸಂಘ ಸಾರಿತು. ಇಲಾಖೆಯ ಮೊದಲ ಕಪ್ಪು ಮುಖ್ಯಸ್ಥ ಮೆಡೇರಿಯಾ ಅರಡೊಂಡೊ, ಫ್ಲಾಯ್ಡ್ ಸತ್ತ ಮರುದಿನವೇ ಆ ಜಾಗದಲ್ಲಿದ್ದ ನಾಲ್ವರು ಪೊಲೀಸರನ್ನು ವಜಾ ಮಾಡಿದರು, ನಿಜ. ಆದರೆ ಅಷ್ಟು ಬೇಗ ಹಾಗೆ ಮಾಡಲು ಸಾಧ್ಯವಾದದ್ದು ಲೋಕವೆಲ್ಲ ಆ ಸಾವಿನ ವಿಡಿಯೊ ನೋಡಿದ್ದರಿಂದ.

ಆ ವಿಡಿಯೊ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸಬೇಕಾಗಿಲ್ಲ. ಆ ರಾತ್ರಿಯ ಪೊಲೀಸ್ ಪ್ರಕಟಣೆ ಇದೆ. ಪೊಲೀಸರೊಂದಿಗಿನ ಸಂಪರ್ಕದ ವೇಳೆ ವೈದ್ಯಕೀಯ ಸಮಸ್ಯೆಯಿಂದ ವ್ಯಕ್ತಿಯ ಸಾವು ಎಂಬುದು ಅದರ ತಲೆಬರಹ. ಮಂಡಿಯ ಮಾತಿಲ್ಲ, ಕುತ್ತಿಗೆಯ ಮಾತಿಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳು ಅಂಗಡಿಗೆಂದು ಬಂದವಳು ಮೊಬೈಲ್ ಹಿಡಿದು ಅಲುಗಾಡದೆ ನಿಂತಿದ್ದಳು. ಇಲ್ಲದಿದ್ದರೆ ಆ ನಾಲ್ಕಾರು ಸಾಲುಗಳೇ ಸರ್ಕಾರಿ ಸತ್ಯವಾಗಿ ಉಳಿಯುತ್ತಿದ್ದವು. ಪೊಲೀಸ್ ಪ್ರಕಟಣೆಗಳನ್ನು ಇದ್ದ ಹಾಗೆ ಅಚ್ಚು ಹಾಕುವ ನಮ್ಮಂಥ ಪತ್ರಿಕೆಯವರು ಅದನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬೇಕು.

ಇನ್ನು ಕೊರೊನಾ. ನಿಮ್ಮ ಈ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟಿದೆ. ಮನೆಯಲ್ಲಿ ಎಳೆ ಬಾಣಂತಿ, ಹಸುಗೂಸು ಇರುವಾಗ ಅದು ಸಹಜ. ಆದರೆ ಜನ ಕೊರೊನಾ ಮತ್ತು ವರ್ಣಭೇದ ಎಂಬ ಎರಡು ಪಿಡುಗುಗಳ ನಡುವೆ ಒಂದನ್ನು ಆರಿಸಿಕೊಂಡರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಪಾಲಿಗೆ ಅವೆರಡೂ ಬೇರೆಬೇರೆಯಾಗಿರಲಿಲ್ಲ. ಫ್ಲಾಯ್ಡ್ ಬದುಕನ್ನೇ ನೋಡಿ. ಕ್ಲಬ್ಬಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದವರು. ಮಾರ್ಚ್‌ನಲ್ಲಿ ಎಲ್ಲ ಮುಚ್ಚಿದಾಗ ಕೆಲಸ ಹೋಯಿತು. ಏಪ್ರಿಲ್‌ನಲ್ಲಿ ಸೋಂಕು ತಗುಲಿತು. ಶವಪರೀಕ್ಷೆಯಲ್ಲೂ ವೈರಸ್‌ನ ಕುರುಹು ಸಿಕ್ಕಿತು. ರೋಗ ಆ ಮನುಷ್ಯನನ್ನು ಉಳಿಸಿತು. ಪೊಲೀಸರನ್ನು ಅವರ ಬಳಿಗೆ ತಂದ, ಇಪ್ಪತ್ತು ಡಾಲರ್‌ನ ಖೋಟಾ ನೋಟಿನ ದೂರು ಉಳಿಸಲಿಲ್ಲ. ಜನ ಮುಖಗವಸು ಹಾಕಿಕೊಂಡು ಬಯಲಲ್ಲಿ ಸೇರಿದರು. ಆರೋಗ್ಯ ಇಲಾಖೆ ಬಡಾವಣೆಗಳಲ್ಲೇ ಉಚಿತ ತಪಾಸಣೆ ಇಟ್ಟಿತು, ಅಲ್ಲಿ ಸೋಂಕು ಕಂಡವರು ಶೇ 2ಕ್ಕಿಂತ ಕಡಿಮೆ. ಬೈಯುವ ಬದಲು ತಪಾಸಣೆಯ ಡೇರೆ ಹಾಕಿದ್ದು ನನಗೆ ಆ ತಿಂಗಳ ಒಳ್ಳೆಯ ಆಡಳಿತವೆಂದೇ ತೋರುತ್ತದೆ. ಜುಲೈನಲ್ಲಿ ನಗರಸಭೆ ವರ್ಣಭೇದವನ್ನೇ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಎಂದು ಘೋಷಿಸಿತು.

ಸುಟ್ಟ ವಾಸನೆಯ ಬಗ್ಗೆ ಬರೆದಿರಿ. ಮೂರನೇ ಪೊಲೀಸ್ ಠಾಣೆಗೆ ಬೆಂಕಿ ಬಿದ್ದದ್ದು ಮೇ 28ರ ರಾತ್ರಿ. ಅದರ ಸಮೀಪ "ಗಾಂಧಿ ಮಹಲ್" ಎಂಬ ಹೋಟೆಲ್ ಇತ್ತು, ಬಾಂಗ್ಲಾದೇಶದಿಂದ ಹೋದ ಕುಟುಂಬದ್ದು. ಗಾಯಗೊಂಡ ಪ್ರತಿಭಟನಕಾರರಿಗೆ ಅಲ್ಲಿ ಶುಶ್ರೂಷೆ ನಡೆದಿತ್ತು. ಆ ಹೋಟೆಲೂ ಸುಟ್ಟುಹೋಯಿತು. ಕಟ್ಟಡ ಉರಿದರೆ ಉರಿಯಲಿ, ನ್ಯಾಯ ಸಿಗಲಿ ಎಂದು ಮಾಲೀಕರು ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿ ಅವರ ಮಗಳು ಬರೆದುಕೊಂಡಳು. ಮರುದಿನ ಬೆಳಿಗ್ಗೆ ಪೊರಕೆ, ಬಕೆಟ್ ಹಿಡಿದು ಲೇಕ್ ಸ್ಟ್ರೀಟ್ ಗುಡಿಸಲು ಬಂದವರನ್ನು ನೀವೇ ಕಂಡಿದ್ದೀರಿ. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ವಲಸೆ ಬಂದವರ ಅಂಗಡಿಗಳೂ ಎಷ್ಟೋ ಸುಟ್ಟವು. ಆದರೆ ಕಳೆದುಕೊಂಡವರೇ ಹೀಗೆ ಮಾತನಾಡಿದಾಗ, ದೂರದಲ್ಲಿ ಕುಳಿತು ತೀರ್ಪು ಕೊಡುವುದಕ್ಕೆ ಹಿಂಜರಿಕೆಯಾಗುತ್ತದೆ.

ಮತಪತ್ರದ ಮೇಲೆ ಪ್ರಶ್ನೆ ಬಂದದ್ದು 2021ರ ನವೆಂಬರ್‌ನಲ್ಲಿ: ಪೊಲೀಸ್ ಇಲಾಖೆಯ ಜಾಗದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ಬೇಕೆ? ಸುಮಾರು ಶೇ 56 ಮಂದಿ ಬೇಡ ಎಂದರು. ಜನ ಮರೆತರು ಎಂದು ನೀವು ತೀರ್ಮಾನಿಸಿದ್ದೀರಿ. ಹಾಗಲ್ಲ. ಆ ಹೊತ್ತಿಗೆ ಕೊಲೆಗಳು 2019ಕ್ಕೆ ಹೋಲಿಸಿದರೆ ಸುಮಾರು ದುಪ್ಪಟ್ಟಾಗಿದ್ದವು. ಸುಮಾರು 900 ಇದ್ದ ಪೊಲೀಸರ ಸಂಖ್ಯೆ ಮುಂದೆ 600ಕ್ಕಿಂತ ಕೆಳಗಿಳಿಯಿತು. ಕಪ್ಪು ಜನರು ಹೆಚ್ಚಾಗಿ ಬದುಕುವ ಉತ್ತರ ಭಾಗದ ಎಂಟು ನಿವಾಸಿಗಳು, ನಮಗೆ ಸನ್ನದಿನಂತೆ ಪೊಲೀಸರನ್ನು ಕೊಡಿ ಎಂದು ಕೋರ್ಟಿಗೆ ಹೋದರು, ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2022ರಲ್ಲಿ ಗೆದ್ದರು. ಒಳ್ಳೆಯ ಪೊಲೀಸರೂ ಬೇಕು, ಕೊಲ್ಲುವ ಪೊಲೀಸರು ಬೇಡ ಎಂಬುದು ಒಂದೇ ಬಾಯಿಯಿಂದ ಬರುವ ಮಾತು. ಹೌದು ಅಥವಾ ಇಲ್ಲ ಎಂಬ ಮತಪತ್ರದಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಹಾಗಾದರೆ ಬದಲಾದದ್ದೇನು? ಜೂನ್ 7ರ ವೇದಿಕೆಗೂ ಎರಡು ದಿನ ಮೊದಲೇ, ಟಿ.ವಿ.ಯವರು ಹೆಚ್ಚು ಗಮನಿಸದ ಸಭೆಯಲ್ಲಿ, ರಾಜ್ಯ ಮಾನವ ಹಕ್ಕುಗಳ ಇಲಾಖೆಯ ಜೊತೆ ನಗರ ಒಪ್ಪಂದಕ್ಕೆ ಬಂತು. ಕುತ್ತಿಗೆ ಹಿಸುಕುವುದು ನಿಷಿದ್ಧ, ಜೊತೆಗಾರ ಅತಿಯಾಗಿ ವರ್ತಿಸಿದರೆ ತಡೆಯುವುದು ಪ್ರತಿಯೊಬ್ಬನ ಕರ್ತವ್ಯ. ಜುಲೈನಲ್ಲಿ ರಾಜ್ಯ ಶಾಸನಸಭೆ ಪೊಲೀಸ್ ಶಿಸ್ತು ಪ್ರಕರಣಗಳಲ್ಲಿ ಪಂಚರನ್ನು ನೇಮಿಸುವ ಕ್ರಮವನ್ನೇ ಬದಲಿಸಿತು. 2021ರ ಡಿಸೆಂಬರ್‌ನಿಂದ ಮಾನಸಿಕ ಸಂಕಟದ ಕರೆಗಳಿಗೆ ಶಸ್ತ್ರವಿಲ್ಲದ ತಜ್ಞರು ಹೋಗತೊಡಗಿದರು. 2022ರಲ್ಲಿ ರಾಜ್ಯ ಮಾನವ ಹಕ್ಕುಗಳ ಇಲಾಖೆ ತನಿಖಾ ವರದಿ ಕೊಟ್ಟಿತು: 2010ರಿಂದ ಈ ಪೊಲೀಸರ ಕೈಯಲ್ಲಿ ಸತ್ತ 14 ಮಂದಿಯಲ್ಲಿ 13 ಮಂದಿ ಬಿಳಿಯರಲ್ಲದವರು. ಅದರ ಬೆನ್ನಿಗೆ 2023ರಲ್ಲಿ ಕೋರ್ಟಿನ ಮುದ್ರೆ ಬಿದ್ದ ಒಪ್ಪಂದ ಬಂತು. ಕೇಂದ್ರದ ನ್ಯಾಯ ಇಲಾಖೆಯೂ ಇಂಥದ್ದೇ ಒಪ್ಪಂದ ಸಿದ್ಧಪಡಿಸಿತ್ತು. ಆಡಳಿತ ಬದಲಾದ ಮೇಲೆ, 2025ರ ಮೇ ತಿಂಗಳಲ್ಲಿ, ಫ್ಲಾಯ್ಡ್ ಸತ್ತು ಐದು ವರ್ಷ ತುಂಬಲು ನಾಲ್ಕು ದಿನ ಇರುವಾಗ ಅದನ್ನು ಕೈಬಿಡುವುದಾಗಿ ಹೇಳಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ರಾಜ್ಯದ ಒಪ್ಪಂದ ಉಳಿದಿದೆ. ನ್ಯಾಯಾಧೀಶರ ಕೈಯಲ್ಲಿರುವುದರಿಂದ ಯಾವ ಮೇಯರ್ ಬಂದರೂ ಅದನ್ನು ಸುಮ್ಮನೆ ಮಡಚಿಡಲಾಗುವುದಿಲ್ಲ.

ನಮ್ಮ ಮೇಯರ್‌ಗಳ ಬಗ್ಗೆ ಕೇಳಿದ್ದೀರಿ. ಅವರು ಒಬ್ಬ ಪೇದೆಯನ್ನೂ ವರ್ಗ ಮಾಡಲಾರರು. ಪೊಲೀಸರು ರಾಜ್ಯದ ಗೃಹ ಇಲಾಖೆಯವರು. ಬೆಂಗಳೂರಿನ ಮೇಯರ್‌ಗೆ ಇದ್ದದ್ದು ಒಂದೇ ವರ್ಷದ ಕುರ್ಚಿ, ಅದೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಾಗ ಖಾಲಿಯಾಗಿ ವರ್ಷಗಟ್ಟಲೆ ಹಾಗೇ ಉಳಿಯಿತು. ಸೋಂಕಿನ ಕೆಟ್ಟ ದಿನಗಳಲ್ಲಿ ಬಾಗಿಲು ತಟ್ಟಿ ಕೇಳಲು ವಾರ್ಡಿಗೊಬ್ಬ ಕಾರ್ಪೊರೇಟರೂ ಇರಲಿಲ್ಲ. ಫ್ಲಾಯ್ಡ್ ಸತ್ತ ಒಂದೇ ತಿಂಗಳಿಗೆ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ಹಿಡಿದೊಯ್ದ ಜಯರಾಜ್ ಮತ್ತು ಬೆನಿಕ್ಸ್ ಎಂಬ ತಂದೆ ಮಗ ಪೊಲೀಸರ ಹೊಡೆತದ ನಂತರ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಲ್ಲಿ ಮಗ್ಗುಲಲ್ಲಿ ನಿಂತು ವಿಡಿಯೊ ಮಾಡಲು ಠಾಣೆಯ ಗೋಡೆ ಬಿಡಲಿಲ್ಲ. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರ ಇರಬೇಕೆಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲೇ ಆದೇಶಿಸಿದೆ. ನಿಮ್ಮ ಜಿಲ್ಲೆಯಲ್ಲಿ ಅದರ ಕಚೇರಿ ಎಲ್ಲಿದೆ ಎಂದು ಪರಿಚಯದ ನಾಲ್ವರನ್ನು ಕೇಳಿ ನೋಡಿ. ಇಲ್ಲಿ ನಾನು ಕೇಳಿದವರಲ್ಲಿ ಒಬ್ಬ ವಕೀಲರಿಗೆ ಮಾತ್ರ ಗೊತ್ತಿತ್ತು.

ಬರುವ ಬೇಸಿಗೆಯಲ್ಲಿ ಮೊಮ್ಮಗಳನ್ನು ನೋಡಲು ಮತ್ತೆ ಹೋಗುತ್ತೇನೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ರಾಜ್ಯ ಒಪ್ಪಂದದ ಪಾಲನೆಯನ್ನು ಅಳೆಯಲು ಸ್ವತಂತ್ರ ತಂಡವೊಂದಿದೆ. ಅದು ಆಗಾಗ ವರದಿ ಪ್ರಕಟಿಸಿ, ಬಡಾವಣೆಗಳಲ್ಲಿ ಜನರ ಸಭೆ ಕರೆಯುತ್ತದೆ. ಒಂದು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಯಾರು ಬಂದಿದ್ದರು, ಏನು ಕೇಳಿದರು, ಪೊಲೀಸರ ಕಡೆಯಿಂದ ಎದ್ದು ಉತ್ತರಿಸಿದವರು ಯಾರು ಎಂದು ಎರಡು ಪುಟ ಬರೆದು ಕಳುಹಿಸಿ. 2020ರಲ್ಲಿ ಆ ಶೀರ್ಷಿಕೆ ಇದ್ದ ಪುಟದಲ್ಲೇ ಅಚ್ಚು ಹಾಕುತ್ತೇನೆ.

ಸಂಪಾದಕ